ವಂಶಪಾರಂಪರ್ಯ ಮೂತ್ರಪಿಂಡ ಕಾಯಿಲೆ: ರಕ್ತಪರೀಕ್ಷೆ ಏನು ಹೇಳುತ್ತದೆ, ಏನು ಹೇಳುವುದಿಲ್ಲ

2024ರ ದೀಪಾವಳಿಯ ಪಾಡ್ಯದಂದು ನಮ್ಮ ಅಣ್ಣನ ಮಗಳು ಪುಣೆಯಿಂದ ಡೊಂಬಿವಲಿಯ ನಮ್ಮ ಮನೆಗೆ ಬಂದಿದ್ದಳು. ಊಟ ಮುಗಿದು ಮನೆಮಂದಿಯೆಲ್ಲ ಹರಟೆಗೆ ಕುಳಿತಾಗ ಅವಳು ನಮ್ಮನ್ನು ಒಳಕೋಣೆಗೆ ಕರೆದು, ಚೀಲದಿಂದ ಪ್ರಯೋಗಾಲಯದ ವರದಿಯೊಂದನ್ನು ತೆಗೆದು ಮುಂದಿಟ್ಟಳು. “ಕಾಕಾ, ಕ್ರಿಯಾಟಿನಿನ್ 0.8 ಬಂದದ. ಬಾಜೂಕ ನಾರ್ಮಲ್ ಅಂತ ಬರದಾರ. ಹಂಗಾರ ಅಪ್ಪಗ ಆಗಿದ್ದು ನನಗ ಆಗೂದಿಲ್ಲ ಅಂತ ತಿಳಕೊಳ್ಳಲೇನು?” ಎಂದು ಕೇಳಿದಳು. ಅವಳಿಗೆ ಆಗ 27 ವರ್ಷ. ಮನೆಯಲ್ಲಿ ವರಾನ್ವೇಷಣೆ ನಡೆದಿತ್ತು. ನಾವು ಕೂಡಲೇ ಉತ್ತರಿಸಲಾಗಲಿಲ್ಲ.

ನಮ್ಮ ತಂದೆಯವರು 1984ರಲ್ಲಿ, ಧಾರವಾಡದಲ್ಲಿ, 51ರ ಪ್ರಾಯದಲ್ಲಿ ತೀರಿಕೊಂಡರು. “ಬಿ.ಪಿ. ಏರಿ ಹೋದರು” ಎಂದು ಬಂಧುಗಳು ಹೇಳಿದ್ದನ್ನೇ ನಾವು ಬಹುಕಾಲ ನಂಬಿದ್ದೆವು. 2019ರಲ್ಲಿ ಹುಬ್ಬಳ್ಳಿಯಲ್ಲಿರುವ ಅಣ್ಣನಿಗೆ 54ನೆಯ ವಯಸ್ಸಿನಲ್ಲಿ ಡಯಾಲಿಸಿಸ್ ಆರಂಭವಾದಾಗಲೇ ಆ ಮಾತಿನ ಹಿಂದಿದ್ದ ನಿಜ ನಮಗೆ ಹೊಳೆದದ್ದು. ಕಾಯಿಲೆಯ ಹೆಸರು ಪಾಲಿಸಿಸ್ಟಿಕ್ ಕಿಡ್ನಿ ಡಿಸೀಸ್. ಮೂತ್ರಪಿಂಡಗಳಲ್ಲಿ ನೀರು ತುಂಬಿದ ಗುಳ್ಳೆಗಳು ಹುಟ್ಟಿ, ವರ್ಷದಿಂದ ವರ್ಷಕ್ಕೆ ಹಿಗ್ಗುತ್ತ, ಕೊನೆಗೆ ಆ ಅಂಗವನ್ನೇ ನಿಷ್ಕ್ರಿಯಗೊಳಿಸುವ ವಂಶಪಾರಂಪರ್ಯ ವ್ಯಾಧಿ ಇದು.

ನಾವು ವೈದ್ಯರಲ್ಲ. ಧಾರವಾಡದಲ್ಲಿ ಕಲಾ ವಿಭಾಗದ ಪದವಿ ಪಡೆದು, ಮೂವತ್ತಕ್ಕೂ ಹೆಚ್ಚು ವರ್ಷ ಬ್ಯಾಂಕಿನ ಲೆಕ್ಕಪತ್ರಗಳ ನಡುವೆ ಕಳೆದವರು. ಅಣ್ಣನ ಮಗಳೊಡನೆ ಮೂತ್ರಪಿಂಡ ತಜ್ಞರಲ್ಲಿಗೆ ಹೋಗಿ ಕೇಳಿ ತಿಳಿದುದನ್ನೂ, ಆ ಬಳಿಕ ಓದಿ ಅರಿತುದನ್ನೂ ಸಂಘದ ಬಾಂಧವರೊಡನೆ ಹಂಚಿಕೊಳ್ಳುತ್ತಿದ್ದೇವೆ. ಸದಸ್ಯರಲ್ಲಿರುವ ವೈದ್ಯ ಮಿತ್ರರು ದೋಷಗಳು ಕಂಡಲ್ಲಿ ತಿದ್ದಬೇಕಾಗಿ ಪ್ರಾರ್ಥನೆ.

ಮೊದಲಿಗೆ ಒಂದು ತಪ್ಪು ಕಲ್ಪನೆಯನ್ನು ದೂರ ಮಾಡಬೇಕು. ಮನೆತನದ ಕಾಯಿಲೆಯೆಂದ ಕೂಡಲೇ ನಮ್ಮಲ್ಲಿ ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾದದ್ದರ ಮೇಲೆ ದೋಷ ಹೊರಿಸುವುದುಂಟು. ರಕ್ತಸಂಬಂಧದ ಮದುವೆಯಿಂದ ಕೆಲವು ಬಗೆಯ ಕಾಯಿಲೆಗಳ ಸಾಧ್ಯತೆ ಹೆಚ್ಚುವುದು ನಿಜ. ಆದರೆ ಪ್ರೌಢರಲ್ಲಿ ಕಾಣಿಸಿಕೊಳ್ಳುವ ಈ ಪಾಲಿಸಿಸ್ಟಿಕ್ ಕಾಯಿಲೆ ಆ ಜಾತಿಯದಲ್ಲ. ತಂದೆ ತಾಯಿಯರಲ್ಲಿ ಒಬ್ಬರಿಗಿದ್ದರೆ ಸಾಕು, ಪ್ರತಿಯೊಂದು ಮಗುವಿಗೂ ಬರುವ ಸಾಧ್ಯತೆ ಶೇಕಡಾ 50. ಗಂಡು ಹೆಣ್ಣೆಂಬ ಭೇದವಿಲ್ಲ. ಡೆನ್ಮಾರ್ಕಿನ ವೈದ್ಯ ಡಾಲ್‌ಗಾರ್ಡ್ 284 ರೋಗಿಗಳ ಕುಟುಂಬಗಳನ್ನು ಅಧ್ಯಯನ ಮಾಡಿ 1957ರಲ್ಲಿಯೇ ಈ ವಂಶಕ್ರಮವನ್ನು ವಿವರಿಸಿದ್ದರು. ಕಾರಣವಾದ ವಂಶವಾಹಿಗಳು ಪತ್ತೆಯಾದದ್ದು ಮಾತ್ರ ಬಹಳ ತಡವಾಗಿ. 16ನೆಯ ವರ್ಣತಂತುವಿನಲ್ಲಿರುವ ಪಿಕೆಡಿ-1 ದೊರೆತದ್ದು 1994ರಲ್ಲಿ, 4ನೆಯ ವರ್ಣತಂತುವಿನಲ್ಲಿರುವ ಪಿಕೆಡಿ-2 ದೊರೆತದ್ದು 1996ರಲ್ಲಿ. ಮುಕ್ಕಾಲು ಪಾಲಿಗೂ ಹೆಚ್ಚು ಕುಟುಂಬಗಳಲ್ಲಿ ದೋಷವಿರುವುದು ಮೊದಲನೆಯದರಲ್ಲಿ.

ಇನ್ನು ಆ 0.8ರ ವಿಚಾರ. ಕ್ರಿಯಾಟಿನಿನ್ ಎಂಬುದು ನಮ್ಮ ಸ್ನಾಯುಗಳಿಂದ ಹೊರಬೀಳುವ ಕಸ. ಮೂತ್ರಪಿಂಡಗಳು ಅದನ್ನು ಸೋಸಿ ಹೊರಹಾಕುತ್ತವೆ. ಸೋಸುವ ಕೆಲಸ ಕುಂದಿದರೆ ರಕ್ತದಲ್ಲಿ ಅದರ ಪ್ರಮಾಣ ಏರುತ್ತದೆ. ಇಷ್ಟರ ಮಟ್ಟಿಗೆ ಎಲ್ಲವೂ ಸರಳ. ಆದರೆ ಪ್ರತಿ ಮೂತ್ರಪಿಂಡದಲ್ಲಿಯೂ ಸುಮಾರು ಹತ್ತು ಲಕ್ಷ ನೆಫ್ರಾನ್‌ಗಳೆಂಬ ಸೂಕ್ಷ್ಮ ಶೋಧಕಗಳಿವೆ. ಗುಳ್ಳೆಗಳು ಹುಟ್ಟುವುದು ಅವುಗಳಲ್ಲಿ ಕೆಲವೇ ಕೆಲವರಲ್ಲಿ ಎಂದಂತೆ, ಕೆಲವೇ ಕೆಲವುಗಳಲ್ಲಿ. ಅವು ಹಿಗ್ಗಿ ಅಕ್ಕಪಕ್ಕದ ಶೋಧಕಗಳನ್ನು ಅದುಮಿ ಕೊಲ್ಲುತ್ತವೆ. ಉಳಿದವು ತಮ್ಮ ಪಾಲಿಗಿಂತ ಹೆಚ್ಚು ದುಡಿದು ಕೊರತೆಯನ್ನು ತುಂಬುತ್ತವೆ.

ಬ್ಯಾಂಕಿನವರಿಗೆ ಇದನ್ನು ತಿಳಿಯುವುದು ಕಷ್ಟವಲ್ಲ. ಆದಾಯ ನಿಂತುಹೋದ ಗ್ರಾಹಕರೊಬ್ಬರು ತಮ್ಮ ಫಿಕ್ಸೆಡ್ ಡಿಪಾಸಿಟ್‌ಗಳನ್ನು ಒಂದೊಂದಾಗಿ ಮುರಿಸಿ ಉಳಿತಾಯ ಖಾತೆಗೆ ಹಾಕಿಕೊಳ್ಳುತ್ತಿದ್ದಾರೆ ಎನ್ನೋಣ. ಪಾಸ್‌ಬುಕ್ ನೋಡಿದವರಿಗೆ ಬಾಕಿ ಪ್ರತಿ ತಿಂಗಳೂ ಸಮೃದ್ಧವಾಗಿಯೇ ಕಾಣುತ್ತದೆ. ಕೊನೆಯ ಡಿಪಾಸಿಟ್ ಮುರಿದ ಮೇಲೆ ಮಾತ್ರ ಅದು ದಡದಡನೆ ಇಳಿಯುತ್ತದೆ. ಕ್ರಿಯಾಟಿನಿನ್ ಅಂತಹ ಪಾಸ್‌ಬುಕ್. ಈ ಕಾಯಿಲೆಯಲ್ಲಿ ದಶಕಗಟ್ಟಲೆ ಅದು “ನಾರ್ಮಲ್” ಎಂದೇ ಹೇಳುತ್ತಿರಬಲ್ಲುದು. ಅದರಲ್ಲಿಯೂ ಸಣ್ಣ ಮೈಕಟ್ಟಿನ, ಸ್ನಾಯುಬಲ ಕಡಿಮೆಯಿರುವ ಹೆಣ್ಣುಮಕ್ಕಳಲ್ಲಿ ಕಸ ಹುಟ್ಟುವುದೇ ಕಡಿಮೆಯಾದ್ದರಿಂದ ಅಂಕಿ ಇನ್ನಷ್ಟು ಚೆನ್ನಾಗಿ ಕಾಣುತ್ತದೆ. ಸ್ನಾಯುವನ್ನು ಅಷ್ಟಾಗಿ ಅವಲಂಬಿಸದ ಸಿಸ್ಟಾಟಿನ್-ಸಿ ಎಂಬ ಇನ್ನೊಂದು ರಕ್ತಪರೀಕ್ಷೆಯುಂಟು. ಅದೂ ಇಂದಿನ ಬಾಕಿಯನ್ನು ಹೆಚ್ಚು ಸರಿಯಾಗಿ ಹೇಳಬಹುದೇ ಹೊರತು ಎಷ್ಟು ಡಿಪಾಸಿಟ್ ಮುರಿದಿವೆ ಎಂಬುದನ್ನಲ್ಲ.

ಆದುದರಿಂದ ಇಲ್ಲಿ ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿಯೇ ಕೇಳಬೇಕಾಗುತ್ತದೆ. ಕಾಯಿಲೆ ಇದೆಯೇ ಎಂಬುದು ಒಂದು. ಇದ್ದರೆ ಎಷ್ಟು ವೇಗವಾಗಿ ಮುಂದುವರಿಯುತ್ತದೆ ಎಂಬುದು ಇನ್ನೊಂದು.

ಮೊದಲನೆಯದಕ್ಕೆ ಉತ್ತರ ಸುಲಭ, ಬಹುಮಟ್ಟಿಗೆ ಅಗ್ಗ ಕೂಡ. ಮನೆತನದಲ್ಲಿ ಕಾಯಿಲೆ ಇದ್ದವರಿಗೆ ಸೋನೋಗ್ರಫಿಯೇ ಸಾಕು. 15ರಿಂದ 39ರ ವಯಸ್ಸಿನವರಲ್ಲಿ ಎರಡೂ ಮೂತ್ರಪಿಂಡಗಳು ಸೇರಿ ಕನಿಷ್ಠ ಮೂರು ಗುಳ್ಳೆಗಳು ಕಂಡರೆ ಕಾಯಿಲೆಯಿದೆ ಎಂದು ನಿರ್ಣಯಿಸುತ್ತಾರೆ. 40 ದಾಟಿದವರಲ್ಲಿ ಎರಡಕ್ಕಿಂತ ಕಡಿಮೆ ಗುಳ್ಳೆಗಳಿದ್ದರೆ ಇಲ್ಲವೆಂದು ನೆಮ್ಮದಿಯಿಂದ ಹೇಳಬಹುದು. ನಮಗೆ 2019ರಲ್ಲಿ, 50ರ ವಯಸ್ಸಿನಲ್ಲಿ ಮಾಡಿಸಿದಾಗ ಒಂದೂ ಇರಲಿಲ್ಲ. ನಮ್ಮಲ್ಲಿ ಇಲ್ಲದ್ದು ನಮ್ಮ ಮಕ್ಕಳಿಗೂ ಬರದು. ಆ ದಿನ ಹಗುರಾದ ಮನಸ್ಸು, ಅಣ್ಣನ ಮುಖ ನೆನಪಾದೊಡನೆ ನಾಚಿ ಮುದುಡಿತು. ಅಣ್ಣನ ಮಗಳಿಗೆ ಪುಣೆಯಲ್ಲಿ ಮಾಡಿಸಿದಾಗ ಎರಡೂ ಕಡೆ ಹತ್ತಕ್ಕೂ ಹೆಚ್ಚು ಗುಳ್ಳೆಗಳು ಕಂಡವು.

ಎರಡನೆಯ ಪ್ರಶ್ನೆಯೇ ಜಟಿಲ. ಒಂದೇ ಮನೆಯಲ್ಲಿ ಒಬ್ಬರು 50ರೊಳಗೆ ಡಯಾಲಿಸಿಸ್‌ಗೆ ಬಂದರೆ ಇನ್ನೊಬ್ಬರು 75ರಲ್ಲಿಯೂ ಸಂತೆಗೆ ನಡೆದು ಹೋಗಿ ಬರುತ್ತಿರಬಹುದು. ಒಟ್ಟಾರೆ ಸುಮಾರು ಅರ್ಧದಷ್ಟು ಜನರಿಗೆ 60ರ ಆಸುಪಾಸಿಗೆ ಮೂತ್ರಪಿಂಡ ಕೈಕೊಡುತ್ತದೆ ಎನ್ನುತ್ತಾರೆ. ಉಳಿದ ಅರ್ಧದಲ್ಲಿ ತಾನಿದ್ದೇನೆಯೇ ಎಂಬುದನ್ನು 27ರಲ್ಲಿ ಅರಿಯುವ ಬಗೆ ಯಾವುದು? ಇದಕ್ಕೆ ಉತ್ತರವನ್ನು ರಕ್ತದಲ್ಲಿ ಹುಡುಕುವ ಪ್ರಯತ್ನ ಎರಡು ದಶಕಗಳಿಂದ ನಡೆದಿದೆ. ಮುಂದಾಗುವುದನ್ನು ಇಂದೇ ಸೂಚಿಸುವ ಇಂತಹ ಅಂಶಗಳಿಗೆ ಬಯೋಮಾರ್ಕರ್, ಅಂದರೆ ಜೈವಿಕ ಸೂಚಕ ಎಂದು ಹೆಸರು. ಅವುಗಳಲ್ಲಿ ಹೆಚ್ಚು ಭರವಸೆ ಹುಟ್ಟಿಸಿದ್ದು ಕೊಪೆಪ್ಟಿನ್. ಅಣ್ಣನ ಮಗಳೂ ಅದರ ಬಗ್ಗೆ ಎಲ್ಲಿಯೋ ಓದಿ, “ಇದನ್ನೊಂದು ಮಾಡಿಸಿಬಿಟ್ಟರ ಎಲ್ಲಾ ತಿಳೀತದಂತ” ಎಂದು ಹಠ ಹಿಡಿದಿದ್ದಳು.

ಕೊಪೆಪ್ಟಿನ್ ಏನೆಂದು ತಿಳಿಯಲು ವ್ಯಾಸೊಪ್ರೆಸಿನ್ ಎಂಬ ಹಾರ್ಮೋನಿನಿಂದ ಆರಂಭಿಸಬೇಕು. ಬಾಯಾರಿದಾಗ ಮೆದುಳಿನಿಂದ ಹೊರಟು, “ನೀರನ್ನು ಹಿಡಿದಿಟ್ಟುಕೊಳ್ಳಿ” ಎಂದು ಮೂತ್ರಪಿಂಡಗಳಿಗೆ ಆಜ್ಞೆ ಕೊಡುವುದು ಅದರ ಕೆಲಸ. ಆರೋಗ್ಯವಂತರಿಗೆ ಅದು ಉಪಕಾರಿ. ಆದರೆ ಪಾಲಿಸಿಸ್ಟಿಕ್ ಕಾಯಿಲೆಯಿರುವವರ ಜೀವಕೋಶಗಳಲ್ಲಿ ಅದೇ ಆಜ್ಞೆ ಗುಳ್ಳೆಗಳು ಬೆಳೆಯಲೂ ಅವುಗಳಲ್ಲಿ ನೀರು ತುಂಬಲೂ ಪ್ರಚೋದನೆಯಾಗುತ್ತದೆ. ಹಾಗಾದರೆ ರಕ್ತದಲ್ಲಿ ವ್ಯಾಸೊಪ್ರೆಸಿನ್ ಎಷ್ಟಿದೆ ಎಂದು ಅಳೆದರೆ ಕಾಯಿಲೆಯ ಕಾವು ತಿಳಿಯಬೇಕಷ್ಟೆ? ಅಲ್ಲಿಯೇ ತೊಡಕು. ಈ ಹಾರ್ಮೋನು ಕೆಲವೇ ನಿಮಿಷಗಳಲ್ಲಿ ಒಡೆದುಹೋಗುತ್ತದೆ, ರಕ್ತದ ಪ್ಲೇಟ್‌ಲೆಟ್‌ಗಳಿಗೆ ಅಂಟಿಕೊಳ್ಳುತ್ತದೆ, ಅಳತೆಗೆ ಸಿಕ್ಕುವುದೇ ಇಲ್ಲ.

ಅದೃಷ್ಟವಶಾತ್ ದೇಹವು ವ್ಯಾಸೊಪ್ರೆಸಿನ್ ಅನ್ನು ತಯಾರಿಸುವಾಗ ಒಂದು ದೊಡ್ಡ ಪ್ರೋಟೀನನ್ನು ತುಂಡರಿಸುತ್ತದೆ. ಆಗ ಹಾರ್ಮೋನಿನ ಜೊತೆಗೇ ಕೊಪೆಪ್ಟಿನ್ ಎಂಬ ತುಂಡೂ ಸಮಸಂಖ್ಯೆಯಲ್ಲಿ ಬೇರ್ಪಡುತ್ತದೆ. ಚೆಕ್ಕು ಹರಿದು ಕೊಟ್ಟ ಮೇಲೆ ಪುಸ್ತಕದಲ್ಲಿ ಉಳಿಯುವ ಕೌಂಟರ್‌ಫಾಯಿಲ್ ಇದ್ದಂತೆ. ಚೆಕ್ಕು ಎಲ್ಲಿಯೋ ಹೋಗಿ ನಗದಾಗಿರುತ್ತದೆ, ಆದರೆ ಎಷ್ಟು ಚೆಕ್ಕುಗಳು ಹೋದವು ಎಂಬುದನ್ನು ಉಳಿದ ಚೀಟಿಗಳಿಂದ ಎಣಿಸಬಹುದು. ಕೊಪೆಪ್ಟಿನ್ ಪ್ರಯೋಗಾಲಯದಲ್ಲಿ ಕೆಡದೆ ಉಳಿಯುವುದರಿಂದ ಅಳೆಯಲು ಅನುಕೂಲ.

ಅಮೆರಿಕದಲ್ಲಿ 241 ರೋಗಿಗಳನ್ನು ವರ್ಷಗಟ್ಟಲೆ ಅನುಸರಿಸಿದ ಕ್ರಿಸ್ಪ್ ಎಂಬ ಅಧ್ಯಯನವಿದೆ. ಅದರಲ್ಲಿ ಭಾಗವಹಿಸಿದವರ ರಕ್ತದಲ್ಲಿ ಕೊಪೆಪ್ಟಿನ್ ಅಳೆದು ನೋಡಿದಾಗ, ಅದು ಹೆಚ್ಚಿದ್ದವರ ಮೂತ್ರಪಿಂಡಗಳು ಹೆಚ್ಚು ವೇಗವಾಗಿ ಹಿಗ್ಗಿದ್ದವೆಂದು 2013ರಲ್ಲಿ ಪ್ರಕಟವಾಯಿತು. ವ್ಯಾಸೊಪ್ರೆಸಿನ್ನಿನ ಆಜ್ಞೆಯನ್ನು ತಡೆಯುವ ಟೋಲ್ವಾಪ್ಟಾನ್ ಎಂಬ ಔಷಧವನ್ನು 1445 ರೋಗಿಗಳಲ್ಲಿ ಪರೀಕ್ಷಿಸಿದ ಫಲಿತಾಂಶ 2012ರಲ್ಲಿ ಹೊರಬಿದ್ದಿತ್ತು. ಔಷಧವಿಲ್ಲದವರಲ್ಲಿ ಮೂತ್ರಪಿಂಡ ವರ್ಷಕ್ಕೆ ಶೇಕಡಾ 5.5ರಷ್ಟು ಬೆಳೆದರೆ ಔಷಧ ಪಡೆದವರಲ್ಲಿ ಶೇಕಡಾ 2.8ರಷ್ಟು ಬೆಳೆಯಿತು. ಆ ರೋಗಿಗಳ ರಕ್ತವನ್ನು ಮತ್ತೆ ಪರಿಶೀಲಿಸಿದವರು, ಆರಂಭದಲ್ಲಿ ಕೊಪೆಪ್ಟಿನ್ ಹೆಚ್ಚಿದ್ದವರಿಗೇ ಔಷಧದ ಪ್ರಯೋಜನವೂ ಹೆಚ್ಚಾಗಿ ದೊರೆಯಿತೆಂದು 2019ರಲ್ಲಿ ವರದಿ ಮಾಡಿದರು.

ಇಷ್ಟು ಓದಿದವರಿಗೆ ನಮ್ಮ ಅಣ್ಣನ ಮಗಳ ಹಠ ನ್ಯಾಯವೆಂದೇ ತೋರೀತು. ನಮಗೂ ತೋರಿತ್ತು. ಆದರೆ ಮೂತ್ರಪಿಂಡ ತಜ್ಞರು ಆ ಪರೀಕ್ಷೆಯನ್ನು ಬರೆದುಕೊಡಲಿಲ್ಲ. ಬದಲಿಗೆ ಅವಳನ್ನೇ ಒಂದು ಪ್ರಶ್ನೆ ಕೇಳಿದರು: “ಬೆಳಗಿನಿಂದ ಎಷ್ಟು ನೀರು ಕುಡಿದಿದ್ದೀರಿ?” ಅವಳು ಪುಣೆಯಿಂದ ಬಸ್ಸಿನಲ್ಲಿ ಬಂದಿದ್ದಳು. ದಾರಿಯಲ್ಲಿ ಶೌಚಾಲಯದ ತೊಂದರೆಯೆಂದು ಒಂದು ಗುಟುಕೂ ಕುಡಿದಿರಲಿಲ್ಲ. “ಈಗ ಅಳೆದರೆ ನಿಮ್ಮ ಕೊಪೆಪ್ಟಿನ್ ಏರಿಯೇ ಇರುತ್ತದೆ. ಅದು ನಿಮ್ಮ ಕಾಯಿಲೆಯ ಸುದ್ದಿಯೋ, ಬಸ್ಸಿನ ಸುದ್ದಿಯೋ?” ಎಂದರು.

ಅವರು ವಿವರಿಸಿದಂತೆ ಬಾಯಾರಿಕೆ, ಆಯಾಸ, ಬೇರೆ ಕಾಯಿಲೆ, ಮನಸ್ಸಿನ ಒತ್ತಡ ಎಲ್ಲವೂ ಆ ಅಂಕಿಯನ್ನು ಏರಿಸುತ್ತವೆ. ಗಂಡಸರಲ್ಲಿ ಅದು ಸಹಜವಾಗಿಯೇ ಹೆಚ್ಚು. ಸಾಲದೆಂಬಂತೆ, ಮೂತ್ರಪಿಂಡದ ಕೆಲಸ ಕುಂದಿದರೂ ಅದು ಏರುತ್ತದೆ. ಅಂದಮೇಲೆ ಅದು ಕಾಯಿಲೆಯನ್ನು ಮುನ್ಸೂಚಿಸುತ್ತಿದೆಯೋ ಆಗಿಹೋದ ಹಾನಿಯನ್ನು ವರದಿ ಮಾಡುತ್ತಿದೆಯೋ ಎಂದು ಒಬ್ಬ ವ್ಯಕ್ತಿಯಲ್ಲಿ ಬಿಡಿಸಿ ಹೇಳುವುದು ಕಷ್ಟ. ಸಾವಿರ ಜನರ ಸರಾಸರಿಯಲ್ಲಿ ಎದ್ದು ಕಾಣುವ ಸಂಬಂಧ ಒಬ್ಬಳ ಒಂದು ದಿನದ ರಕ್ತದಲ್ಲಿ ಕರಗಿಹೋಗಬಹುದು.

ಇದಕ್ಕಿಂತಲೂ ವಿಚಿತ್ರವಾದುದು ಇನ್ನೊಂದಿದೆ. ವ್ಯಾಸೊಪ್ರೆಸಿನ್ ದೋಷಿಯಾದರೆ ಯಥೇಚ್ಛ ನೀರು ಕುಡಿದು ಅದನ್ನು ತಗ್ಗಿಸಬಹುದಲ್ಲವೇ ಎಂಬ ಯೋಚನೆ ಸಹಜ. ಆಸ್ಟ್ರೇಲಿಯಾದಲ್ಲಿ 184 ರೋಗಿಗಳ ಮೇಲೆ ಮೂರು ವರ್ಷ ಇದನ್ನೇ ಪರೀಕ್ಷಿಸಿದರು. ಫಲಿತಾಂಶ ಪ್ರಕಟವಾದದ್ದು 2022ರಲ್ಲಿ. ಅಳೆದು ನೀರು ಕುಡಿದವರ ಕೊಪೆಪ್ಟಿನ್ ಇಳಿದಿತ್ತು, ಆದರೆ ಮೂತ್ರಪಿಂಡಗಳ ಬೆಳವಣಿಗೆಯಲ್ಲಿ ಗಣನೀಯ ವ್ಯತ್ಯಾಸವಾಗಲಿಲ್ಲ. ಟೋಲ್ವಾಪ್ಟಾನ್ ತೆಗೆದುಕೊಂಡವರಲ್ಲಿ ಇದಕ್ಕೆ ತದ್ವಿರುದ್ಧ. ಔಷಧದಿಂದ ನೀರೆಲ್ಲ ಮೂತ್ರವಾಗಿ ಹೋಗುವುದರಿಂದ ಮೆದುಳು ಇನ್ನಷ್ಟು ಹಾರ್ಮೋನು ಸುರಿಸುತ್ತದೆ, ಕೊಪೆಪ್ಟಿನ್ ಮೇಲೇರುತ್ತದೆ, ಆದರೂ ಗುಳ್ಳೆಗಳ ಬೆಳವಣಿಗೆ ನಿಧಾನವಾಗುತ್ತದೆ. ಒಂದೆಡೆ ಅಂಕಿ ಇಳಿದರೂ ಲಾಭವಿಲ್ಲ, ಇನ್ನೊಂದೆಡೆ ಏರಿದರೂ ಲಾಭವಿದೆ! ಅಂಕಿಯನ್ನು ಸರಿಪಡಿಸಿದ ಮಾತ್ರಕ್ಕೆ ಕಾಯಿಲೆ ಸರಿಹೋಗದು ಎಂಬುದು ನಮಗೆ ಅಂದು ಮನವರಿಕೆಯಾಯಿತು.

ಮೂಳೆಗಳಿಂದ ಹೊರಡುವ ಎಫ್‌ಜಿಎಫ್-23 ಎಂಬ ಇನ್ನೊಂದು ಸೂಚಕವೂ ಇದೆ. ಈ ಕಾಯಿಲೆಯಲ್ಲಿ ಕ್ರಿಯಾಟಿನಿನ್‌ಗಿಂತ ಎಷ್ಟೋ ಮೊದಲೇ ಅದು ಏರುತ್ತದೆ. ಹೆಚ್ಚಿದ್ದವರಲ್ಲಿ ಕಾಯಿಲೆ ಬೇಗ ಮುಂದುವರಿಯಿತೆಂದು 2017ರಲ್ಲಿ ವರದಿಯಾಗಿದೆ. ಮೂತ್ರದಲ್ಲಿ ಅಳೆಯುವಂತಹವೂ ಕೆಲವಿವೆ. ಇವೆಲ್ಲ ಸಂಶೋಧಕರಿಗೆ ಅಮೂಲ್ಯ. ಆದರೆ ಒಬ್ಬ ರೋಗಿಯ ಮುಂದಿನ ಇಪ್ಪತ್ತು ವರ್ಷಗಳನ್ನು ಇವುಗಳಿಂದ ನಿರ್ಧರಿಸುವ ಕಾಲ ಇನ್ನೂ ಬಂದಿಲ್ಲ.

ಹಾಗಾದರೆ ಇಂದು ವೈದ್ಯರು ಯಾವುದನ್ನು ನಂಬುತ್ತಾರೆ? ಮೂತ್ರಪಿಂಡದ ಗಾತ್ರವನ್ನು. ಇದನ್ನು ಕೇಳಿ ನಮಗೆ ಒಂದು ಬಗೆಯ ವೃತ್ತಿಪರ ಸಂತೋಷವೇ ಆಯಿತೆನ್ನಬೇಕು, ಏಕೆಂದರೆ ಇಲ್ಲಿ ನಡೆಯುವುದು ಚಕ್ರಬಡ್ಡಿಯ ಲೆಕ್ಕ. ಕ್ರಿಸ್ಪ್ ಅಧ್ಯಯನ 2006ರಲ್ಲಿ ತಿಳಿಸಿದಂತೆ ಈ ಮೂತ್ರಪಿಂಡಗಳು ವರ್ಷಕ್ಕೆ ಸರಾಸರಿ ಶೇಕಡಾ 5.27ರ ದರದಲ್ಲಿ ಹಿಗ್ಗುತ್ತವೆ, ಅದೂ ಅಸಲಿಗೆ ಬಡ್ಡಿ ಸೇರುತ್ತ ಹೋಗುವ ರೀತಿಯಲ್ಲಿ. ಅಮೆರಿಕದ ಮೇಯೊ ಕ್ಲಿನಿಕ್ಕಿನ ತಜ್ಞರು 2015ರಲ್ಲಿ ಇದನ್ನೇ ಆಧರಿಸಿ ಒಂದು ವರ್ಗೀಕರಣ ಮಾಡಿದರು. ಎಂಆರ್‌ಐ ಅಥವಾ ಸಿ.ಟಿ. ಮೂಲಕ ಮೂತ್ರಪಿಂಡಗಳ ಒಟ್ಟು ಗಾತ್ರವನ್ನು ಅಳೆದು, ಎತ್ತರದಿಂದ ಭಾಗಿಸಿ, ವಯಸ್ಸಿನೊಡನೆ ಹೋಲಿಸಿದರೆ ಬಡ್ಡಿಯ ದರ ಹೊರಬರುತ್ತದೆ. ಶೇಕಡಾ ಒಂದೂವರೆಗಿಂತ ಕಡಿಮೆಯಿದ್ದರೆ 1-ಎ, ಆರಕ್ಕಿಂತ ಹೆಚ್ಚಿದ್ದರೆ 1-ಇ, ನಡುವೆ ಒಂದೂವರೆಗೊಂದು ಮೆಟ್ಟಿಲು. 2025ರಲ್ಲಿ ಪ್ರಕಟವಾದ ಕೆಡಿಗೊ ಅಂತರರಾಷ್ಟ್ರೀಯ ಮಾರ್ಗಸೂಚಿಯೂ ಮುನ್ನಂದಾಜಿಗೆ ಇದನ್ನೇ ಶಿಫಾರಸು ಮಾಡಿದೆ.

ಅಣ್ಣನ ಮಗಳ ಎರಡು ಮೂತ್ರಪಿಂಡಗಳ ಒಟ್ಟು ಗಾತ್ರ 630 ಮಿಲಿಲೀಟರ್ ಬಂತು. ಆರೋಗ್ಯವಂತರ ಸುಮಾರು ಎರಡು ಪಟ್ಟು. ಅವಳ ಎತ್ತರ 1.57 ಮೀಟರ್. ದರ ಸುಮಾರು ಶೇಕಡಾ 3.7, ಅಂದರೆ ವರ್ಗ 1-ಸಿ, ಸರಿಯಾಗಿ ನಡುವಿನದು. ಬ್ಯಾಂಕಿನಲ್ಲಿ ಹಣ ಇಮ್ಮಡಿಯಾಗುವ ಕಾಲವನ್ನು ತಿಳಿಯಲು 72ನ್ನು ಬಡ್ಡಿದರದಿಂದ ಭಾಗಿಸುವ ರೂಢಿಯಿದೆ. ಅದೇ ಸೂತ್ರ ಹಿಡಿದರೆ ಅವಳಿಗೆ ಇದು ಇಮ್ಮಡಿಯಾಗಲು ಹತ್ತೊಂಬತ್ತರಿಂದ ಇಪ್ಪತ್ತು ವರ್ಷ ಬೇಕು. ವೈದ್ಯರ ಮೇಜಿನ ಮೇಲೆಯೇ ಈ ಲೆಕ್ಕ ಮಾಡಿ ತೋರಿಸಿದಾಗ ಅವರು ನಕ್ಕು, ಅಂದಾಜು ಸರಿಯೆಂದೂ, ಆದರೆ ಇದು ಕರಾರುಪತ್ರವಲ್ಲವೆಂದೂ ಹೇಳಿದರು.

ವಂಶವಾಹಿ ಪರೀಕ್ಷೆಯಿಂದ ಇನ್ನಷ್ಟು ತಿಳಿಯುತ್ತದೆ. ಫ್ರಾನ್ಸಿನ ರೋಗಿಗಳ ಅಧ್ಯಯನವೊಂದರಲ್ಲಿ, ಪಿಕೆಡಿ-1ರಿಂದ ಪ್ರೋಟೀನು ಅರ್ಧಕ್ಕೇ ತುಂಡಾಗುವಂತಹ ದೋಷವಿದ್ದವರಿಗೆ ಮೂತ್ರಪಿಂಡ ವಿಫಲವಾದದ್ದು ಮಧ್ಯಮ ಅಂದಾಜಿನಲ್ಲಿ 55ರ ಸುಮಾರಿಗೆ, ಅಷ್ಟು ತೀವ್ರವಲ್ಲದ ದೋಷವಿದ್ದವರಿಗೆ 67ರ ಸುಮಾರಿಗೆ, ಪಿಕೆಡಿ-2 ದೋಷವಿದ್ದವರಿಗೆ 79ರ ಸುಮಾರಿಗೆ. ಇದರೊಡನೆ ಗಂಡಸರಿಗೆ 1 ಅಂಕ, 35ರೊಳಗೆ ರಕ್ತದೊತ್ತಡ ಬಂದರೆ 2, 35ರೊಳಗೆ ಮೂತ್ರದಲ್ಲಿ ರಕ್ತ ಮುಂತಾದ ತೊಂದರೆಯಾದರೆ 2, ವಂಶವಾಹಿಯ ದೋಷಕ್ಕೆ ತಕ್ಕಂತೆ 0, 2 ಅಥವಾ 4 ಎಂದು ಕೂಡಿಸುವ ಒಂದು ಕೋಷ್ಟಕವನ್ನು 2016ರಲ್ಲಿ ಪ್ರಕಟಿಸಿದರು. 9ಕ್ಕೆ 7 ಅಥವಾ ಹೆಚ್ಚು ಬಂದವರು 60ರೊಳಗೆ ಡಯಾಲಿಸಿಸ್‌ಗೆ ಬರುವ ಸಂಭವ ಬಹಳ. 3ರೊಳಗೆ ಇದ್ದವರಿಗೆ ಸಂಭವ ತೀರ ಕಡಿಮೆ.

ಕೋಷ್ಟಕಕ್ಕಾಗಿ ರಕ್ತದೊತ್ತಡ ಅಳೆದಾಗಲೇ ನಮಗೆ ನಿಜವಾದ ಆಘಾತವಾದದ್ದು. ಅವಳದ್ದು 138/90 ಇತ್ತು. ಬೇರೆ ಬೇರೆ ದಿನ ಅಳೆದರೂ ಅಷ್ಟೇ. ಕೊಪೆಪ್ಟಿನ್ ಎಂಬ ಅಪರೂಪದ ಪರೀಕ್ಷೆಯ ಬೆನ್ನು ಹತ್ತಿದ್ದ ನಾವು, ಮೂಲೆಯ ಔಷಧದಂಗಡಿಯಲ್ಲಿ ಸಿಗುವ ಯಂತ್ರದಿಂದ ಅಳೆಯಬಹುದಾದುದನ್ನು ಒಮ್ಮೆಯೂ ಅಳೆದಿರಲಿಲ್ಲ. “ಈ ವಯಸ್ಸಿನವರಿಗೆ ಯಾಕೆ ಬಿ.ಪಿ.?” ಎಂದು ಯಾರೂ ಯೋಚಿಸಿರಲಿಲ್ಲ. ನಮ್ಮ ತಂದೆಯವರ ವಿಷಯದಲ್ಲಿ ಕಾರಣವನ್ನೂ ಪರಿಣಾಮವನ್ನೂ ತಲೆಕೆಳಗಾಗಿ ಅರ್ಥ ಮಾಡಿಕೊಂಡಿದ್ದೆವು. ಬಿ.ಪಿ. ಏರಿದ್ದು ಮೂತ್ರಪಿಂಡದಿಂದ, ಏರಿದ ಬಿ.ಪಿ. ಮತ್ತೆ ಮೂತ್ರಪಿಂಡವನ್ನು ಹಾಳುಮಾಡಿತ್ತು. 2014ರಲ್ಲಿ ಪ್ರಕಟವಾದ ಹಾಲ್ಟ್ ಎಂಬ ಅಧ್ಯಯನದಲ್ಲಿ, ಮೂತ್ರಪಿಂಡದ ಕೆಲಸ ಇನ್ನೂ ಚೆನ್ನಾಗಿರುವ 15ರಿಂದ 49ರ ವಯಸ್ಸಿನ ರೋಗಿಗಳಲ್ಲಿ ರಕ್ತದೊತ್ತಡವನ್ನು 110/75ಕ್ಕೂ ಕೆಳಗೆ ಇರಿಸಿದಾಗ ಗಾತ್ರದ ಬೆಳವಣಿಗೆ ವರ್ಷಕ್ಕೆ ಶೇಕಡಾ 6.6ರಿಂದ 5.6ಕ್ಕೆ ಇಳಿಯಿತು. ಒಂದು ಶೇಕಡಾ ಬಡ್ಡಿ ಇಪ್ಪತ್ತು ವರ್ಷದಲ್ಲಿ ಎಷ್ಟಾಗುತ್ತದೆಂದು ಗೃಹಸಾಲ ತೀರಿಸಿದವರಿಗೆ ನಾವು ಹೇಳಬೇಕಾಗಿಲ್ಲ.

ಔಷಧ ಬರೆದುಕೊಡುವಾಗ ವೈದ್ಯರು ಅವಳಿಗೆ ಒಂದು ಎಚ್ಚರಿಕೆ ಕೊಟ್ಟರು. ಈ ಕಾಯಿಲೆಯಲ್ಲಿ ಸಾಮಾನ್ಯವಾಗಿ ಕೊಡುವ ಎಸಿಇ ತಡೆ ಗುಂಪಿನ ಮಾತ್ರೆಗಳು ಗರ್ಭದಲ್ಲಿರುವ ಶಿಶುವಿಗೆ ಅಪಾಯಕರ. ಮದುವೆಯಾಗಿ ಮಗು ಬೇಕೆನ್ನುವ ಮುನ್ನವೇ ಬಂದು ಬೇರೆ ಮಾತ್ರೆಗೆ ಬದಲಾಯಿಸಿಕೊಳ್ಳಬೇಕು. ಆಗ ವೈನಿ ಪಕ್ಕದಲ್ಲಿಯೇ ಇದ್ದರು. ಬೀಗರಿಗೆ ಏನೂ ಹೇಳುವುದು ಬೇಡವೆಂಬುದು ಅಲ್ಲಿಯವರೆಗೂ ಅವರ ನಿಲುವಾಗಿತ್ತು. ಹೊರಗೆ ಬಂದ ಮೇಲೆ ಬಹಳ ಹೊತ್ತು ಸುಮ್ಮನಿದ್ದು, “ಹಂಗಾರ ಮೊದಲs ಹೇಳೂದ ಬರೋಬ್ಬರಿ” ಎಂದರು. ಆರೋಗ್ಯ ವಿಮೆಯ ಅರ್ಜಿಯ ಬಗ್ಗೆ ನಾವೂ ಅದೇ ಮಾತು ಹೇಳಿದೆವು. ಗೊತ್ತಿರುವ ಕಾಯಿಲೆಯನ್ನು ಬರೆಯದೆ ಬಿಟ್ಟರೆ, ನಾಳೆ ಹಣ ಬೇಕಾದಾಗ ವಿಮಾ ಸಂಸ್ಥೆ ಕೈಯೆತ್ತಲು ಅದೊಂದೇ ಸಾಕು.

ಅಣ್ಣನಿಗೆ ನಮ್ಮ ಮೂತ್ರಪಿಂಡ ಕೊಡುವ ಆಸೆಯಿತ್ತು. ಗುಳ್ಳೆಗಳಿಲ್ಲದಿದ್ದರೂ ನಮ್ಮ ಸಕ್ಕರೆ ಕಾಯಿಲೆಯಿಂದಾಗಿ ಅದು ಕೈಗೂಡಲಿಲ್ಲ. ಅವನು ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ಹೋಗಿಬರುತ್ತಾನೆ. ಮಗಳ ವರದಿಗಳನ್ನೆಲ್ಲ ಒಂದು ಫೈಲಿನಲ್ಲಿ ಸೇರಿಸಿ, ಮೇಲೆ ತನ್ನ ಕೈಯಿಂದಲೇ ಅವಳ ಹೆಸರು ಬರೆದಿಟ್ಟಿದ್ದಾನೆ.

ಅವಳು ಪ್ರತಿ ಭಾನುವಾರ ಬೆಳಿಗ್ಗೆ ಬಿ.ಪಿ. ಅಳೆದು ನಮಗೂ ಅಣ್ಣನಿಗೂ ಫೋನಿನಲ್ಲಿ ತಿಳಿಸುತ್ತಾಳೆ. ನಾವು ಅದನ್ನು ಹಳೆಯ ಲೆಡ್ಜರಿನಂತೆ ಗೆರೆ ಎಳೆದ ಒಂದು ಪುಸ್ತಕದಲ್ಲಿ ದಿನಾಂಕ ಹಾಕಿ ಬರೆಯುತ್ತೇವೆ. ಕಳೆದ ಭಾನುವಾರದ್ದು 112/74.